ಕೊಲೆಗಾರನನ್ನು ಹುಡುಕಿದ್ದು, ಹೆಣ್ಣು ಕೇಳಿದ್ದು

ಬಿ.ಎಸ್ಸಿ. ಮುಗಿಸಿ ಮೂಡಲಗಿಯ ಡೇರಿಯೊಂದರಲ್ಲಿ ಹಾಲು ಪರೀಕ್ಷೆ ಮಾಡುತ್ತೇನೆ. ಯೋಜನೆಯಿಲ್ಲದೆ ಏನನ್ನೂ ಮಾಡುವವನಲ್ಲ. ಹಾಗಾಗಿ ನನ್ನ ಫಜೀತಿಗಳೂ ಯೋಜನೆಯ ಪ್ರಕಾರವೇ ಆಗುತ್ತವೆ.

ಮೊನ್ನೆ ಹುಕ್ಕೇರಿಗೆ ಹೋಗಿ ಹೆಣ್ಣು ನೋಡಿ ಬಂದೆ. ನನಗೆ ಒಪ್ಪಿಗೆಯಾಯಿತು. ಅವರ ಉತ್ತರ ಬರಬೇಕಿತ್ತು. ಅಷ್ಟರಲ್ಲಿ ಹುಡುಗಿಯೇ ಫೋನ್ ಮಾಡಿದಳು: "ಗೋಕಾಕದಾಗ ಒಂದು ಥ್ರಿಲ್ಲರ್ ಪಿಕ್ಚರ್ ಹತ್ತೇತಿ. ರವಿವಾರ ಬರ್ತೀರೇನ್ರಿ? ಅಜ್ಜಿನೂ ಬರ್ತಾಳ."

ಸ್ಯಾಂಪಲ್ ಒಂದೇ

ಡೇರಿ ಎದುರಿನ ಚಹಾದಂಗಡಿ ಕಾಕಾ ಆ ಪಿಕ್ಚರ್ ನೋಡಿದ್ದ. "ಕೊಲೆಗಾರ ಯಾರಂತ ಹೇಳಬ್ಯಾಡ ಕಾಕಾ" ಎಂದೆ.

"ಏ, ನಾ ಯಾಕ ಹೇಳಲಿರಿ ಸರ? ಆದ್ರ ಕತಿ ಹೇಳೋ ಹೀರೋನ ಮಾತ ಒಂದೂ ನಂಬಬ್ಯಾಡ್ರಿ."

ಒಂದೇ ಸ್ಯಾಂಪಲ್ ಮೇಲೆ ತೀರ್ಮಾನಕ್ಕೆ ಬರುವುದು ನಮ್ಮ ಪದ್ಧತಿಯಲ್ಲ. ಕಾಕಾನ ಮಾತನ್ನೇ ನಂಬಲಿಲ್ಲ.

ಡಾಕ್ಟರ್, ವಕೀಲ

ಥಿಯೇಟರಿನಲ್ಲಿ ನಾನು, ಅಜ್ಜಿ, ಹುಡುಗಿ, ಇದೇ ಕ್ರಮದಲ್ಲಿ ಕುಳಿತೆವು. ಪರದೆಯ ಮೇಲೆ ಹೀರೋ ಪೊಲೀಸರಿಗೆ ಕೊಲೆಗಳ ಕತೆ ಹೇಳುತ್ತಿದ್ದ. ನಾನು ಶಂಕಿತರ ಪಟ್ಟಿ ಮಾಡಿ ಅಂಕ ಹಾಕುತ್ತಿದ್ದೆ. ಅರ್ಧ ತಾಸಿಗೆ ಲೆಕ್ಕ ಸಿಕ್ಕಿತು. ಹುಡುಗಿಗೂ ಕೇಳಲೆಂದು ಗಟ್ಟಿಯಾಗಿ ಹೇಳಿದೆ: "ಡಾಕ್ಟರ್!"

ಐದು ನಿಮಿಷದಲ್ಲಿ ಡಾಕ್ಟರನ ಹೆಣ ಬಿತ್ತು.

"ಹಂಗಾರ ವಕೀಲ!"

ಇಂಟರ್‌ವಲ್ಲಿಗೆ ಮೊದಲೇ ವಕೀಲನೂ ಹೋದ. ಹಿಂದಿನ ಸೀಟಿನವನು ನನ್ನ ಕಡೆ ಬಾಗಿದ: "ಅಣ್ಣಾ, ಕೈ ಮುಗೀತೇನಿ. ಹೀರೋಯಿನ್ ಹೆಸರ ಮಾತ್ರ ತಗೀಬ್ಯಾಡ."

ಐದು ಅಂಶ

ಕೊಲೆಗಾರ ಕತೆ ಹೇಳುತ್ತಿದ್ದ ಹೀರೋನೇ. ಥಿಯೇಟರಿಗೆ ಥಿಯೇಟರೇ ದಂಗಾಗಿತ್ತು. ಅಜ್ಜಿ ಮಾತ್ರ ಚಪ್ಪಲಿ ಮೆಟ್ಟುತ್ತ, "ತಮ್ಮ ಬಗ್ಗೆ ತಾವ ಹೇಳ್ಕೊಳ್ಳಾವ್ರು ಎಲ್ಲಾರೂ ಛಲೋನ ಹೇಳ್ತಾರ. ನೀವೂ ಮೊನ್ನಿ ಯಾವ ಚಟಾನೂ ಇಲ್ಲ ಅಂದ್ರಿ, ಅಲ್ರಿ?" ಎಂದರು.

ನನ್ನ ಮಾತಷ್ಟೇ ಸಾಲದು ಎಂದಾಯಿತು. ಹೆಣ್ಣು ಕೊಡುವ ಮುಂಚೆ ಹುಡುಗನ ಕಡೆಯ ಚಹಾದಂಗಡಿಯಲ್ಲಿ ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ರೂಢಿ. ಮರುದಿನವೇ ಕಾಕಾನಿಗೆ ಒಂದು ಚೀಟಿ ಬರೆದುಕೊಟ್ಟೆ. ಹುಡುಗ ಕುಡಿಯುವುದಿಲ್ಲ, ಗುಟ್ಕಾ ತಿನ್ನುವುದಿಲ್ಲ, ಹೀಗೆ ಐದು ಅಂಶ. ಎಲ್ಲ ನಿಜವೇ. ಕ್ರಮ ತಪ್ಪದಿರಲಿ ಎಂದಷ್ಟೇ ಬರೆದದ್ದು.

ಹುಡುಗಿಯ ಸೋದರಮಾವ ಬಂದು ವಿಚಾರಿಸಿ ಹೋದ. ಸಂಜೆಗೆ ಹುಡುಗಿಯ ಫೋನ್.

"ಚಹಾದಂಗಡಿ ಕಾಕಾ ನಿಮ್ಮನ್ನ ಭಾಳ ಹೊಗಳಿದ್ರಂತ್ರಿ."

"ಹೌದೇನ್ರಿ?"

"ಹ್ಞೂಂ. ಎರಡು ಮಾತು ಹೇಳಿ ನಿಂತ್ರಂತ. 'ಮೂರನೇದ್ದು ಮರತೇನಿ, ತಡೀರಿ' ಅಂತ ಕಿಸೇದಾಗಿನ ಚೀಟಿ ತಗದ್ರಂತ. ಓದಾಕ ಕಣ್ಣಿಗೆ ಚಾಳೀಸ ಇರಲಿಲ್ಲಂತ. ಉಳದದ್ದು ಮಾವನ ಕಡೇನ ಓದಿಸಿದ್ರಂತ."

"ಮನ್ಯಾಗ ಏನಂದ್ರು?"

"ಅಪ್ಪ ಬ್ಯಾಡ ಅಂದ. ಆದ್ರ ಮಾವ ಡೇರ್ಯಾಗೂ ಕೇಳ್ಯಾನ, ಚೀಟ್ಯಾಗಿಂದೆಲ್ಲಾ ಖರೇನ ಐತಂತ. ಅದಕ್ಕ ಅಜ್ಜಿ ಒಪ್ಪಿಸಿದ್ಳು."

"ಏನಂತ ಒಪ್ಪಿಸಿದ್ರು?"

"'ಖರೆ ಹೇಳಾಕ ಇಷ್ಟ ಒದ್ದಾಡಾಂವ, ಸುಳ್ಳ ಹೇಳಿ ಹೆಂಗ ದಕ್ಕಿಸ್ಕೊಂಡಾನು? ಕೊಟ್ಟಬಿಡ್ರಿ' ಅಂದ್ಳು."