ತೂತು ಬಂಡೆಯ ಪಾಡು

ಉಕ್ಕಿನ ಕಾರ್ಖಾನೆ ಬಿಟ್ಟು ಶಿಲ್ಪಿಯಾದವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ವಿಳಾಸ ಕೇಳಿಕೊಂಡು ಬರುತ್ತಿರುತ್ತದೆ. ನಾನು ಮಾಡುವುದು ಸ್ಟೀಲ್ ತಗಡಿನ ಬಂಡೆ. ಚೀನಾದ ಹಳೆಯ ತೋಟಗಳಲ್ಲಿ ನೀರು ಕೊರೆದ ಕಲ್ಲು ನಿಲ್ಲಿಸಿ, ಅದರ ಮುಂದೆ ಸುಮ್ಮನೆ ಕೂರುತ್ತಿದ್ದರಂತೆ. ಕಲ್ಲು ಉಸಿರಾಡುವುದೇ ಅದರ ತೂತಿನಲ್ಲಿ, ಖಾಲಿ ಇರುವಲ್ಲಿ ಎಂಬುದು ಅವರ ನಂಬಿಕೆ. ನನಗೂ ಅದೇ ಹುಚ್ಚು. ನನ್ನ ಒಂದೇ ಒಂದು ಬಂಡೆಯ ತೂತಾದರೂ ಖಾಲಿ ಉಳಿಯಲಿ ಎನ್ನುವುದಷ್ಟೇ ಆಸೆ.

೧. ತಪಾಸಣೆ

ವಿಶಾಖಪಟ್ಟಣದ ಹತ್ತಿರ, ದುವ್ವಾಡದ ನನ್ನ ಶೆಡ್ಡಿಗೆ ಕಾರ್ಖಾನೆಯ ಹಳೆಯ ಬಾಸ್ ಬಂದರು. ಹಾಸನದ ಕಡೆಯವರು. ನಿವೃತ್ತರಾದರೂ ಇನ್‌ಸ್ಪೆಕ್ಷನ್ ಚಾಳಿ ಬಿಟ್ಟಿಲ್ಲ. ಒಂದೊಂದು ತೂತಿಗೂ ಬೆರಳು ಹಾಕಿ ನೋಡಿದರು. ಮುಖ ಸಪ್ಪಗಾಯಿತು.

"ಬೇಜಾರು ಮಾಡ್ಕಬ್ಯಾಡ ಕಣಯ್ಯ. ರಿಜೆಕ್ಟ್ ಮಾಡೋವಷ್ಟೇನೂ ಕೆಟ್ಟಿಲ್ಲ. ಒಳ್ಳೆ ವೆಲ್ಡರ್ ಸಿಕ್ರೆ ಎಲ್ಲಾ ಮುಚ್ಚಿಸ್ಬಹುದು."

ಅಷ್ಟು ವರ್ಷ ಅವರ ಕೈಕೆಳಗೆ ಒಳ್ಳೆ ವೆಲ್ಡರ್ ಎನಿಸಿಕೊಂಡಿದ್ದವನು ನಾನೇ.

೨. ಅತ್ತೆಯ ಮೆಚ್ಚುಗೆ

ಹೆಂಡತಿ ಅನಕಾಪಲ್ಲಿಯವಳು. ಅವಳಮ್ಮ ಬಂದಾಗ ಹಿತ್ತಲಿನ ಬಂಡೆ ನೋಡಿ, "ಚಾಲಾ ಬಾಗುಂದಿ ಅಳಿಯಂದಿರೇ! ತೂತು ಬಹಳ ಚೆನ್ನಾಗಿದೆ" ಅಂದರು. ಮದುವೆಯಾದ ಮೇಲೆ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ. ಎದೆಯುಬ್ಬಿತು.

"ಇನ್ನೊಂಚೂರು ಅಗಲ ಮಾಡಿಬಿಡಿ. ಬೆಲ್ಲದ ಡಬ್ಬಿ ಹೋಯಿತು, ಆವಕಾಯಿ ಜಾಡಿ ಹೋಗ್ತಿಲ್ಲ."

೩. ಸಾರ್ವಜನಿಕ ಉಪಯೋಗ

ವಿಶಾಖಪಟ್ಟಣದ ಬೀಚಿನಲ್ಲಿ ನಿಲ್ಲಿಸಿದ ಬಂಡೆಗೆ ಜನ ಸುಟ್ಟ ಜೋಳ ತಿಂದು ಉಳಿದ ದಿಂಡು ತುರುಕತೊಡಗಿದರು. ಊರು ಚಂದ ಮಾಡುವ ಜವಾಬ್ದಾರಿಯ ಅಧಿಕಾರಿಗೆ ದೂರು ಕೊಟ್ಟೆ. ಮನುಷ್ಯ ಚುರುಕು. ವಾರದೊಳಗೆ ಕ್ರಮ ಕೈಗೊಂಡರು. ಹೋಗಿ ನೋಡಿದರೆ, ತೂತಿನ ಮೇಲೆ ಹಸಿರು ಬಣ್ಣದಲ್ಲಿ "ಯೂಸ್ ಮಿ" ಎಂದು ಬರೆಸಿದ್ದರು.

ಕೂಗಾಡಿದೆ. ಅವರು ಶಾಂತವಾಗಿ ಹೇಳಿದರು: "ಯಾಕೆ ಸಾರ್ ಕೋಪ? ಇಡೀ ಬೀಚಿನಲ್ಲಿ ಜನಕ್ಕೆ ಉಪಯೋಗವಾದ ಶಿಲ್ಪ ನಿಮ್ಮದೊಂದೇ."

೪. ಅರ್ಥವಾದವರು

ವಿಜಯವಾಡದ ಬಿಲ್ಡರೊಬ್ಬರು ಅಪಾರ್ಟ್‌ಮೆಂಟಿನ ಮುಂದಕ್ಕೆ ಆಳೆತ್ತರದ ಬಂಡೆ ಬೇಕೆಂದರು. ಈ ಸಲ ಮೋಸ ಹೋಗಬಾರದೆಂದು ಅವರನ್ನು ಕೂರಿಸಿಕೊಂಡು ಖಾಲಿತನದ ಮಹಿಮೆಯನ್ನೆಲ್ಲ ಬಿಡಿಸಿ ಹೇಳಿದೆ. ಅವರ ಕಣ್ಣಲ್ಲಿ ನೀರಾಡಿತು. ನನ್ನ ಕೈ ಹಿಡಿದುಕೊಂಡು, "ಅರ್ಥವಾಯಿತು ಗುರುವುಗಾರೂ. ಎಲ್ಲಕ್ಕಿಂತ ಮುಖ್ಯ ಆ ನಡುವಿನ ತೂತು. ಅಲ್ಲಿ ಒಂದು ಕಡ್ಡಿಯೂ ಬೀಳದ ಹಾಗೆ ನೋಡಿಕೊಳ್ಳುತ್ತೇನೆ" ಅಂದರು. ಕೊನೆಗೂ ಒಬ್ಬ ಸಿಕ್ಕಿದನಲ್ಲ ಎಂದು ವಾಪಸು ಬರುವಾಗ ರೈಲಿನಲ್ಲಿ ನಾಚಿಕೆಯಿಲ್ಲದೆ ಕಣ್ಣೀರು ಹಾಕಿದೆ.

ಕೆಲವು ತಿಂಗಳ ಮೇಲೆ ವಿಜಯವಾಡದ ಪಕ್ಕದ ಮಂಗಳಗಿರಿಗೆ ಸೀರೆ ತರಲು ಹೋದವನು ಹೇಳದೆ ಕೇಳದೆ ಆ ಅಪಾರ್ಟ್‌ಮೆಂಟಿಗೆ ಹೋದೆ. ತೂತಿನಲ್ಲಿ ಕಡ್ಡಿ ಇರಲಿಲ್ಲ, ನಿಜ. ಅಷ್ಟು ಮುಖ್ಯವಾದ ಜಾಗ ಬರಿದಾಗಿರಬಾರದೆಂದು, ತಲೆತುಂಬ ಕೂದಲಿದ್ದ ಕಾಲದ ನನ್ನ ಫೋಟೋವನ್ನು ಕಟ್ಟು ಹಾಕಿಸಿ ಕೂರಿಸಿದ್ದರು. ಅದಕ್ಕೆ ಚೆಂಡುಹೂವಿನ ಹಾರ, ಸುತ್ತ ಮಿಣುಕು ದೀಪ. ಉಳಿದಿದ್ದ ಒಂದು ತೂತನ್ನೂ ಮುಚ್ಚಿದವನು ನಾನೇ.

ವಾಚ್‌ಮನ್ ಓಡಿ ಬಂದು, "ಚಪ್ಪಲಿ ಬಿಡಿ ಸಾರ್" ಎಂದ. ಬಿಟ್ಟೆ.

"ಯಾರಪ್ಪಾ ಇವರು?" ಎಂದು ಕೇಳಿದೆ.

ಅವನು ಫೋಟೋಕ್ಕೆ ಕೈಮುಗಿದು, ದನಿ ತಗ್ಗಿಸಿ ಹೇಳಿದ: "ಈ ಬಂಡೆ ಮಾಡಿದವರು ಸಾರ್. ಪಾಪಂ, ಹೋಗಿಬಿಟ್ಟರು. ಬದುಕಿರೋವರೆಗೂ ಬರೀ ತೂತು ಕೊರೀತಾ ಇದ್ದರಂತೆ. ಈಗ ಮನೆಯವರಿಗೆ ಸ್ವಲ್ಪ ನೆಮ್ಮದಿಯಂತೆ."