ಕೊರಳಿಗೆ ಬಿದ್ದ ‘ಲೇ’

ಹಾರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ನಲವತ್ತೆರಡು ವರ್ಷ ದೃಢವಾಗಿ ನಂಬಿದ್ದೆ. ಮೈಸೂರಿನಲ್ಲಿ ಕಾಲೇಜು ಸಂಘದ ಕಾರ್ಯದರ್ಶಿಯಾಗಿದ್ದಾಗ ನಾನು ಹಾರ ಹಾಕದ ಕತ್ತಿಲ್ಲ. ಹಾಕಿಸಿಕೊಳ್ಳುವುದಕ್ಕೂ ನಮ್ಮಲ್ಲಿ ಒಂದು ಕ್ರಮವಿದೆ. ಹಾರ ಬಿದ್ದ ಕೂಡಲೇ ಕೈಮುಗಿಯಬೇಕು, ಫೋಟೋದವನ ಕಡೆ ಒಮ್ಮೆ ನೋಡಬೇಕು, ಆಮೇಲೆ ಸರಕ್ಕನೆ ತೆಗೆದು ಮೇಜಿನ ಮೇಲಿಡಬೇಕು. ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಜನ “ಎಷ್ಟು ಆಸೆ ನೋಡು ಇವನಿಗೆ” ಅನ್ನುತ್ತಾರೆ. ಹಾರ ಕತ್ತಿನಲ್ಲೇ ಉಳಿಯುವುದು ದೇವರಿಗೆ, ಮದುಮಕ್ಕಳಿಗೆ ಮತ್ತು ಗೋಡೆಯ ಮೇಲೆ ಫೋಟೋ ಆದವರಿಗೆ ಮಾತ್ರ.

ಈ ಅಪಾರ ಜ್ಞಾನವನ್ನು ಹೊತ್ತುಕೊಂಡೇ ನಾನು ನ್ಯೂಜಿಲೆಂಡಿಗೆ ಬಂದೆ. ಅಪ್ಪರ್ ಹಟ್‌ನಲ್ಲಿ ಬಾಡಿಗೆ ಮನೆ, ವೆಲ್ಲಿಂಗ್ಟನ್ನಿನಲ್ಲಿ ಸೇತುವೆಗಳ ನಕ್ಷೆ ಬರೆಯುವ ಕೆಲಸ, ಊರಿಗೆ ಮಾತಾಡಲು ಫೋನ್ ಕಾರ್ಡು. ಹೆಂಡತಿ ವಸುಧಾ, ಮಗಳು ಸಿಂಚನ. ಪಕ್ಕದ ಮನೆಯಲ್ಲಿ ಆಂಟಿ ಪುವಾ.

ಆಂಟಿ ಪುವಾ ಹವಾಯಿ ದ್ವೀಪದವರು. ಅರವತ್ತೈದು ದಾಟಿದ, ದೊಡ್ಡ ನಗುವಿನ ಹೆಂಗಸು. ನಲವತ್ತು ವರ್ಷದ ಹಿಂದೆ ಒಬ್ಬ ನ್ಯೂಜಿಲೆಂಡ್ ನಾವಿಕನನ್ನು ಮದುವೆಯಾಗಿ ಇಲ್ಲಿಗೆ ಬಂದವರು, ಆತ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಶನಿವಾರ ಬೆಳಿಗ್ಗೆ ತಮ್ಮ ಗರಾಜಿನಲ್ಲಿ ಒಂದು ಸೋರೆಬುರುಡೆಯನ್ನು ಬಡಿಯುತ್ತ ಐದಾರು ಜನಕ್ಕೆ ಹುಲಾ ಕಲಿಸುತ್ತಿದ್ದರು. ಕೈಯಲ್ಲೇ ಕಥೆ ಹೇಳುವ ನೃತ್ಯ ಅದು.

ಅವರ ಮುಂದೆ ನನ್ನ ಮೊದಲ ಎಡವಟ್ಟು ನಾವು ಬಂದ ವಾರವೇ ಆಯಿತು. ಹಿತ್ತಲಲ್ಲಿ ನಿಂತು ನಾನು ಅಡುಗೆಮನೆಯ ಕಡೆ ಕೂಗಿದೆ. “ಲೇ, ಒಗ್ಗರಣೆ ಸೀದ್ಹೋಗ್ತಿದೆ!”

ಮರುದಿನ ಬೇಲಿಯ ಆ ಕಡೆಯಿಂದ ಆಂಟಿ ಪುವಾ ವಸುಧಾಳಿಗೆ ಕೈಬೀಸಿ, “ಗುಡ್ ಮಾರ್ನಿಂಗ್, ಲೇ!” ಅಂದರು.

ವಸುಧಾ ಒಳಗೆ ಬಂದವಳೇ ಸೌಟು ಕೆಳಗಿಟ್ಟಳು. “ಮದ್ವೆ ಆದಾಗಿಂದ ಬಡ್ಕೋತಾ ಇದೀನಿ, ನನ್ನ ಲೇ ಅನ್ಬೇಡಿ ಅಂತ. ಈಗ ಬೀದಿಯೋರ ಬಾಯಲ್ಲೂ ಅದೇ ಆಯ್ತು. ಹೋಗಿ ಸರಿಮಾಡ್ಕೊಂಡು ಬನ್ನಿ.”

ನಾನು ಬೇಲಿಯ ಬಳಿ ಹೋಗಿ, ಅದು ಅವಳ ಹೆಸರಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಆಂಟಿಗೆ ಆಶ್ಚರ್ಯವಾಯಿತು. ಅವರ ಭಾಷೆಯಲ್ಲಿ ‘ಲೇ’ ಅಂದರೆ ಹೂವಿನ ಹಾರ. ಹೆಂಡತಿಯನ್ನು ಹಾರವೇ ಎಂದು ಕರೆಯುವ ಗಂಡಸನ್ನು ತಾವು ಈ ಕಾಲದಲ್ಲಿ ನೋಡಿಯೇ ಇಲ್ಲ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ನಾನು ತಿದ್ದಲು ಬಾಯಿ ತೆರೆದವನು, ಯಾಕೆ ತಿದ್ದಬೇಕು ಎನಿಸಿ ಮುಚ್ಚಿಕೊಂಡೆ.

ಸುದ್ದಿ ಕೇಳಿ ವಸುಧಾ ತೀರ್ಪು ಕೊಟ್ಟಳು. “ಆಂಟಿ ಕರೆದ್ರೆ ಹಾರ. ನೀವು ಕರೆದ್ರೆ ಬೈಗುಳ. ಅವ್ರು ಕರೀಲಿ, ನೀವು ಬಾಯ್ಮುಚ್ಕೊಂಡಿರಿ.”

ಎರಡು ವರ್ಷ ಕಳೆದು ಸಿಂಚನಳಿಗೆ ಒಂಬತ್ತಾಯಿತು. ಊರಿನಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಮಗು ಇಲ್ಲಿ ಬಂದ ಮೇಲೆ ತಣ್ಣಗಾಗಿಬಿಟ್ಟಿತ್ತು. ಶಾಲೆಯಲ್ಲಿ ಟೀಚರ್ ಬಹಳ ಸೌಮ್ಯ ಹುಡುಗಿ ಅಂದರು. ಸೌಮ್ಯ ಅಲ್ಲ, ಯಾರ ಜೊತೆಗೂ ಬೆರೆಯುತ್ತಿರಲಿಲ್ಲ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದೇ ಮಾತಿನ ಉತ್ತರ. ವಸುಧಾ ಇದನ್ನು ನೆನೆದು ಎಷ್ಟೋ ಸಲ ಅತ್ತಿದ್ದಾಳೆ. ನಾನು ಅಳಲಿಲ್ಲ, ಮಗಳಿಗೆ ಸಂಸ್ಕೃತಿಯ ಬಗ್ಗೆ ಭಾಷಣ ಮಾಡಿದೆ.

ಆ ಮಗು ಮೂರು ಶನಿವಾರ ಬೇಲಿಯ ಬಳಿ ನಿಂತು ಬುರುಡೆಯ ಸದ್ದು ಕೇಳಿತು. ಬೇಲಿಯ ಒಂದು ಹಲಗೆ ಸಡಿಲವಾಗಿತ್ತು. ನಾಲ್ಕನೇ ಶನಿವಾರ ನೋಡಿದರೆ ಸಿಂಚನ ಆ ಕಡೆ ಇದ್ದಳು, ಇಬ್ಬರು ಸಮೋವಾ ದ್ವೀಪದ ಅಕ್ಕತಂಗಿಯರು ಮತ್ತು ಒಬ್ಬ ನಿವೃತ್ತ ನರ್ಸಿನ ನಡುವೆ ಸೊಂಟ ತಿರುಗಿಸುತ್ತಿದ್ದಳು.

ಈ ಶುಭ ಸಮಾಚಾರವನ್ನು ನಾನು ಫೋನಿನಲ್ಲಿ ಅಮ್ಮನಿಗೆ ತಿಳಿಸಿದೆ. “ಅಮ್ಮಾ, ಸಿಂಚನಂಗೆ ಹುಲಾ ಶುರುವಾಗಿದೆ.”

“ಹುಳಾನಾ? ಅಯ್ಯೋ, ಅದಕ್ಕೇ ಮಗು ಸಪ್ಪಗಿದ್ದಿದ್ದು. ಹರಳೆಣ್ಣೆ ಕುಡಿಸೋ,” ಅಂದಳು ಅಮ್ಮ. ಕಾರ್ಡು ಮುಗಿದು ಫೋನ್ ಕಟ್ಟಾಯಿತು.

ನವೆಂಬರ್ ಬಂತು. ಅಪ್ಪರ್ ಹಟ್ ಆಸುಪಾಸಿನ ಇಪ್ಪತ್ತು ಕನ್ನಡ ಕುಟುಂಬಗಳು ಸೇರಿ ರಾಜ್ಯೋತ್ಸವ ಮಾಡುವುದು ಪದ್ಧತಿ. ಆ ವರ್ಷ ಸಾಂಸ್ಕೃತಿಕ ಕಾರ್ಯದರ್ಶಿ ನಾನು. ಆಂಟಿ ಪುವಾ ಅವರ ತಂಡದಿಂದ ಒಂದು ಹುಲಾ ಇಡೋಣ ಎಂದು ಸೂಚಿಸಿದವನೂ ನಾನೇ. ಸಿಂಚನ ಮೊದಲ ಬಾರಿಗೆ ಜನರ ಮುಂದೆ ಕುಣಿಯುವವಳಿದ್ದಳು. ಅದಕ್ಕೆ ಒಪ್ಪಲು ಅವಳು ಒಂದು ತಿಂಗಳು ತೆಗೆದುಕೊಂಡಿದ್ದಳು. ಒಪ್ಪಿದ ದಿನ ವಸುಧಾ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಹಿಂದಿನ ದಿನ ರಾತ್ರಿಯೂಟಕ್ಕೆ ಕೂತಾಗ ಸಿಂಚನ ನನಗೆ ಇಂಗ್ಲಿಷಿನಲ್ಲಿ ಏನೋ ಬಹಳ ಹೊತ್ತು ವಿವರಿಸಿದಳು. ಆಂಟಿ ವೇದಿಕೆಯ ಮೇಲೆ ನನಗೆ ಲೇ ಹಾಕುತ್ತಾರಂತೆ, ಹಾಕಿದ ಮೇಲೆ ನಾನು ಏನೋ ಮಾಡಬಾರದಂತೆ. ನಾನು ತಟ್ಟೆಯ ಪಕ್ಕದಲ್ಲಿ ಭಾಷಣ ಬರೆಯುತ್ತಿದ್ದೆ.

“ಡ್ಯಾಡ್, ಆರ್ ಯೂ ಲಿಸನಿಂಗ್?”

“ಹೂಂ ಕಣಮ್ಮ, ಹಾರದ ವಿಷಯ ನಂಗೆ ಹೇಳ್ತೀಯಾ?” ಅಂದೆ. ಆ ‘ಹೂಂ’ಗೆ ಶಿಕ್ಷೆಯೇ ಇಲ್ಲ ಅಂದುಕೊಂಡಿದ್ದೆ.

ಸಮಾರಂಭದ ದಿನ ನನ್ನ ಭಾಷಣ ಅದ್ಭುತವಾಗಿತ್ತು. ಹಳಗನ್ನಡದಲ್ಲಿ ಹೂವಿಗೆ ಪೂ, ಹವಾಯಿ ಭಾಷೆಯಲ್ಲಿ ಪುವಾ, ಆದ್ದರಿಂದ ಆಂಟಿ ಪುವಾ ಅವರ ಪೂರ್ವಿಕರು ಶ್ರವಣಬೆಳಗೊಳದ ಕಡೆಯವರಿರಬಹುದು ಎಂದು ಹತ್ತು ನಿಮಿಷದಲ್ಲಿ ಸಾಬೀತುಪಡಿಸಿದೆ. ಮಕ್ಕಳಿಗೆ ನಮ್ಮ ಸಂಸ್ಕಾರ ಕಲಿಸುವುದು ಹೇಗೆ ಎಂದು ಇನ್ನೂ ಹತ್ತು ನಿಮಿಷ ಹೇಳಿದೆ. ಚಪ್ಪಾಳೆ ಬಿತ್ತು, ಮುಗಿಸಿದ್ದಕ್ಕೆ.

ಆಂಟಿ ಪುವಾ ಹೂವಿನ ಸೀರೆಯಂತಹ ಉದ್ದನೆಯ ನಿಲುವಂಗಿಯಲ್ಲಿ ವೇದಿಕೆಗೆ ಬಂದರು. ಡೈಸಿ, ಗುಲಾಬಿ, ಜರೀಗಿಡದ ಎಲೆ ಸೇರಿಸಿ ಕಟ್ಟಿದ ಲೇಯನ್ನು ನನ್ನ ಕೊರಳಿಗೆ ಹಾಕಿದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಬಚಾವಾಗುತ್ತಿದ್ದೆ. ಲೇ ಹಾಕಿದವರು ಕೆನ್ನೆಗೊಂದು ಮುತ್ತು ಕೊಡುವುದು ಅವರ ಸಂಪ್ರದಾಯ. ಕೊಟ್ಟರು.

ಇಪ್ಪತ್ತು ಕುಟುಂಬಗಳು ಒಟ್ಟಿಗೆ “ಓಹೋ” ಅಂದವು. ನಾನು ಕಿವಿಯವರೆಗೆ ಕೆಂಪಾದೆ. ಕೈಮುಗಿದೆ. ಕ್ಯಾಮೆರಾ ಕಡೆ ನೋಡಿದೆ. ಕೈ ತಾನಾಗಿಯೇ ಹಾರಕ್ಕೆ ಹೋಯಿತು.

ವೇದಿಕೆಯ ಪಕ್ಕದಿಂದ ಒಂದು ಚಿಕ್ಕ ಗಂಟಲು ಕೂಗಿತು. “ಲೇ! ಅಪ್ಪಾ! ಲೇ! ತೆಗೀಬೇಡ!”

ಮುಂದಿನ ಸಾಲಿನ ಹಿರಿಯರೊಬ್ಬರು “ಅಪ್ಪಂಗೇ ಲೇ ಅಂತಾಳಲ್ರೀ” ಎಂದದ್ದು ನನಗೂ ಕೇಳಿಸಿತು. ಈಗಷ್ಟೇ ಸಂಸ್ಕಾರದ ಬಗ್ಗೆ ಮಾತಾಡಿದವನು ನಾನು. ಮರ್ಯಾದೆಯ ಪ್ರಶ್ನೆ. ಮೈಕು ಬಾಯಿಯ ಮುಂದೆಯೇ ಇತ್ತು. “ಏಯ್! ಅಪ್ಪಂಗೆ ಲೇ ಅಂತೀಯಾ? ಇದೇನಾ ನಾನು ಕಲಿಸಿದ್ದು?”

ಹೀಗೆ ಗುಡುಗಿ ಹಾರ ತೆಗೆದೆ. ಇಡಲು ಮೇಜು ಹುಡುಕಿದೆ, ಮೇಜಿರಲಿಲ್ಲ. ಎದುರಿಗೆ ಆಂಟಿ ಇದ್ದರು. ಬಹಳ ವಿನಯದಿಂದ ಅದನ್ನು ಅವರ ಕೊರಳಿಗೇ ವಾಪಸು ಹಾಕಿದೆ.

ಹಿಂದಿನ ಸಾಲಿನಿಂದ ಗೆಳೆಯ ರಂಗನಾಥ ಕೂಗಿದ. “ಮೂರ್ತಿ, ಹಾರ ಬದಲಾಯಿಸಿದ್ದಾಯ್ತು, ಅಕ್ಷತೆ ತರ್ಲಾ?”

ಸಭೆ ಬಿದ್ದು ಬಿದ್ದು ನಕ್ಕಿತು. ನಗದಿದ್ದವರು ಮೂವರು. ಆಂಟಿ ಪುವಾ, ವಸುಧಾ, ಮತ್ತು ಅಲ್ಲಿಂದ ಓಡಿಹೋದ ಸಿಂಚನ.

ಹಿಂದಿನ ಸಾಮಾನು ಕೋಣೆಯಲ್ಲಿ, ಜೋಡಿಸಿಟ್ಟ ಕುರ್ಚಿಗಳ ಸಂದಿಯಲ್ಲಿ ಅವಳು ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ಕುಣಿಯುವುದಿಲ್ಲ ಎಂದು ಹೇಳಿಬಿಟ್ಟಿದ್ದಳು. ಇವತ್ತಷ್ಟೇ ಅಲ್ಲ, ಇನ್ನು ಯಾವತ್ತೂ.

ಆಂಟಿ ಪುವಾ ನನಗೆ ನಿಧಾನವಾಗಿ ತಿಳಿಸಿದರು. ಕೊಟ್ಟವರ ಎದುರಿಗೇ ಲೇ ತೆಗೆದರೆ, ನಿನ್ನ ಪ್ರೀತಿ ನನಗೆ ಬೇಡ ಎಂದ ಹಾಗೆ. “ನನಗೆ ಪರವಾಗಿಲ್ಲ, ನಾನು ಹಳೇ ಮುದುಕಿ. ಆದರೆ ಆ ಲೇ ನನ್ನದಲ್ಲ.”

“ಅದನ್ನ ಕಟ್ಟಿದ್ದು ಯಾರು ಗೊತ್ತೇನ್ರೀ?” ಅಂದಳು ವಸುಧಾ. “ಎರಡು ಸಾಯಂಕಾಲ ಆಂಟಿ ಮನೇಲಿ ಕೂತು ಕಟ್ಟಿದಾಳೆ, ನಿಮಗೆ ಅಂತ. ಬೆರಳು ನೋಡಿ.”

ಸೂಜಿ ಚುಚ್ಚಿದ ಪುಟ್ಟ ಬೆರಳುಗಳನ್ನು ನೋಡಿದೆ. ಆಗ ಇನ್ನೊಂದೂ ಹೊಳೆಯಿತು. ಎರಡು ವರ್ಷದಿಂದ ಕನ್ನಡದಲ್ಲಿ ಬಾಯಿಬಿಡದ ಮಗು, ನೂರು ಜನರ ಎದುರು, ನನ್ನ ಮಾನ ಉಳಿಸಲು ಕನ್ನಡದಲ್ಲಿ ಕೂಗಿತ್ತು. ಆ ಕನ್ನಡಕ್ಕೆ ನಾನು, ಸಾಂಸ್ಕೃತಿಕ ಕಾರ್ಯದರ್ಶಿ, ರಾಜ್ಯೋತ್ಸವದ ದಿನವೇ ಬೈದಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

“ತಪ್ಪಾಯ್ತು ಪುಟ್ಟಾ,” ಅಂದೆ.

“ಯೂ ಶೌಟೆಡ್ ಇನ್ ದ ಮೈಕ್,” ಅಂದಳು ತಲೆಯೆತ್ತದೆ.

ನ್ಯಾಯವಾದ ಮಾತು. ಮೈಕಿನಲ್ಲಿ ಬೈದದ್ದಕ್ಕೆ ಮೈಕಿನಲ್ಲೇ ಪರಿಹಾರ. ನಾನು ಮತ್ತೆ ವೇದಿಕೆ ಹತ್ತಿದೆ. ಇವನು ಇನ್ನೊಂದು ಭಾಷಣ ಮಾಡುತ್ತಾನೆ ಎಂದು ಎರಡು ಕುಟುಂಬಗಳು ಊಟದ ಕಡೆ ಎದ್ದವು.

“ಮಹನೀಯರೇ,” ಅಂದೆ, “ಲೇ ಅಂದ್ರೆ ಹಾರ. ನನ್ನ ಮಗಳು ನನಗೆ ಏಕವಚನದಲ್ಲಿ ಬೈಲಿಲ್ಲ, ಅವಳು ಕಟ್ಟಿದ ಹಾರ ತೆಗೀಬೇಡ ಅಂತ ಕೇಳ್ಕೊಂಡ್ಳು. ನಿನ್ನೆ ರಾತ್ರಿ ಊಟದ ಹೊತ್ತಲ್ಲಿ ಇದನ್ನೆಲ್ಲ ಹೇಳಿದ್ಲು. ನಾನು ಹೂಂಗುಟ್ಟಿದೆ, ಕೇಳಿಸ್ಕೊಳ್ಳಲಿಲ್ಲ. ಎಲ್ಲರ ಎದುರು ಬೈದಿದೀನಿ, ಎಲ್ಲರ ಎದುರೇ ತಪ್ಪು ಒಪ್ಕೋತೀನಿ. ಸಿಂಚನಾ, ಕ್ಷಮಿಸು. ಇನ್ನೊಂದು ಸಲ ಹಾಕ್ತೀಯಾ?”

ವೇದಿಕೆಯ ಮೇಲೆ ಮಂಡಿಯೂರಿ ಕತ್ತು ಬಗ್ಗಿಸಿದೆ. ಯಾರೂ ಬರಲಿಲ್ಲ. ಮಂಡಿ ನೋಯತೊಡಗಿತು. ಕೊನೆಗೆ ಎರಡು ಬರಿಗಾಲು ನನ್ನ ಕಣ್ಣೆದುರು ಬಂದು ನಿಂತವು, ತಣ್ಣನೆಯ ಹೂವು ಕುತ್ತಿಗೆಗೆ ತಗುಲಿತು. ಕೆನ್ನೆಗೆ ಮುತ್ತು ಕೊಡಲಿಲ್ಲ, ಅಷ್ಟು ಬೇಗ ಸಿಟ್ಟಿಳಿಯುವ ವಂಶವಲ್ಲ ನಮ್ಮದು. ಆದರೆ ಆಂಟಿ ಬುರುಡೆಗೆ ಕೈಯಿಟ್ಟಾಗ ಅವಳು ಹೋಗಿ ಸಾಲಿನಲ್ಲಿ ನಿಂತಳು.

ಅವಳು ಕುಣಿದಳು. ಕೈಯಲ್ಲೇ ಅಲೆ ಬಂತು, ದೋಣಿ ಬಂತು, ದೂರದ ಊರಿಂದ ಬಂದು ದಡ ಮುಟ್ಟಿದವರು ಬಂದರು. ನಾನು ಹಾರದ ಹೂವಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಗುಲಾಬಿಯ ಮುಳ್ಳು ಗಲ್ಲಕ್ಕೆ ಚುಚ್ಚಿತು, ಆದರೂ ತೆಗೆಯಲಿಲ್ಲ.

ಮನೆಗೆ ಬಂದು, “ಈಗ ತೆಗೀಬಹುದಾ?” ಎಂದು ಕೇಳಿದೆ.

“ವೆನ್ ಐ ಸೇ,” ಅಂದಳು ಮಗಳು.

ಅವಳು ಹೇಳಲಿಲ್ಲ. ಮಲಗುವಾಗ ಮಾತ್ರ, ಲೇಯನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಡಲು ಅನುಮತಿ ಸಿಕ್ಕಿತು. ಸೋಮವಾರ ಕೋಟು ಟೈಯ ಮೇಲೆ ಲೇ ಹಾಕಿಕೊಂಡು ರೈಲು ಹತ್ತಿದೆ. ಟಿಕೆಟ್ ನೋಡುವವನು “ಹ್ಯಾಪಿ ಬರ್ತ್‌ಡೇ, ಮೇಟ್” ಅಂದ. ಮಂಗಳವಾರ ಆಫೀಸಿನಲ್ಲಿ ಬಾಸ್ ನನ್ನನ್ನು ಪಕ್ಕಕ್ಕೆ ಕರೆದು ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಬುಧವಾರ ಡೈಸಿಗಳೆಲ್ಲ ಕಂದಿ ನಾರತೊಡಗಿ, ರೈಲಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಉಳಿಯಿತು. ಪ್ರತಿ ಸಂಜೆ ಸಿಂಚನ ಬಾಗಿಲಲ್ಲೇ ನಿಂತು ಕತ್ತು ಪರೀಕ್ಷೆ ಮಾಡಿ ಒಳಗೆ ಬಿಡುತ್ತಿದ್ದಳು. ಗುರುವಾರ ಬಂದಾಗ ಲೇಯಲ್ಲಿ ಉಳಿದಿದ್ದದ್ದು ದಾರ, ನಾಲ್ಕು ಒಣ ಹೂವು ಮತ್ತು ನನ್ನ ಪಶ್ಚಾತ್ತಾಪ.

ಅವಳು ಬಹಳ ಹೊತ್ತು ನೋಡಿ, ಕನ್ನಡದಲ್ಲೇ ಅಂದಳು. “ಅಪ್ಪಾ, ಲೇ ತೆಗಿ. ಸಾಕು.” ಆಮೇಲೆ ಕೆನ್ನೆಗೆ ಬಾಕಿಯಿದ್ದ ಆ ಮುತ್ತು ಕೊಟ್ಟಳು.

ಒಣಗಿದ ಹೂವನ್ನು ಕಸದ ಬುಟ್ಟಿಗೆ ಹಾಕಲು ಹೋದೆ. ಬೇಲಿಯ ಆ ಕಡೆಯಿಂದ ಆಂಟಿ ಪುವಾ, ಈ ಕಡೆಯಿಂದ ವಸುಧಾ, ಇಬ್ಬರೂ ಒಂದೇ ಸಲ ನನ್ನನ್ನು ಗದರಿದರು. ಲೇಯನ್ನು ಕಸಕ್ಕೆ ಹಾಕಬಾರದು, ಗಿಡದ ಬುಡಕ್ಕೆ ಕೊಡಬೇಕು ಎಂದರು ಅವರು. ನಿರ್ಮಾಲ್ಯ ಕಣ್ರೀ, ತುಳಿಯೋ ಜಾಗದಲ್ಲಿ ಹಾಕ್ತಾರಾ ಎಂದಳು ಇವಳು. ಹಾರದ ವಿಷಯದಲ್ಲಿ ನನಗೊಬ್ಬನಿಗೇ ಏನೂ ಗೊತ್ತಿರಲಿಲ್ಲ.

ಸಡಿಲವಾಗಿದ್ದ ಆ ಹಲಗೆಯನ್ನು ನಾವು ಆಮೇಲೆ ಪೂರ್ತಿಯಾಗಿಯೇ ಕಿತ್ತು ಹಾಕಿದೆವು. ಸಿಂಚನ ದಿನವಿಡೀ ಅತ್ತಿಂದಿತ್ತ ಓಡಾಡುತ್ತ ಎರಡು ಮನೆಗೂ ಆಗುವಷ್ಟು ಮಾತಾಡುತ್ತಾಳೆ. ಆಂಟಿ ಪುವಾ ಈಗಲೂ ವಸುಧಾಳನ್ನು ‘ಲೇ’ ಎಂದೇ ಕರೆಯುತ್ತಾರೆ. ಅವರು ಕೂಗಿದಾಗ ವಸುಧಾ ಆರಾಮವಾಗಿ ಕಾಫಿ ಮುಗಿಸಿ ಏಳುತ್ತಾಳೆ. ಅಷ್ಟರಲ್ಲಿ ಆ ‘ಲೇ’ ನನಗೇ ಎಂದುಕೊಂಡು ನಾನು ಕತ್ತು ಮುಟ್ಟಿ ನೋಡಿಕೊಳ್ಳುತ್ತ ಬೇಲಿಯ ಬಳಿ ಹಾಜರಾಗಿರುತ್ತೇನೆ.