ಐವತ್ತು ಗೇಣಿನ ಇತಿಹಾಸ

ಐವತ್ತು ಪುಟಕ್ಕಿಂತ ಕಡಿಮೆ ಇತಿಹಾಸವಿರುವ ಊರು ಊರಲ್ಲ. ಇದು ನಿಯಮ. ಅಂಥ ಊರನ್ನು ಪಕ್ಕದ ಊರಿಗೆ ಸೇರಿಸತಕ್ಕದ್ದು. ಸೇರಿಸಿದ ಮೇಲೆ ಎರಡು ಸ್ಮಶಾನ ಇರಕೂಡದು. ಚಿಕ್ಕದನ್ನು ಮಟ್ಟ ಮಾಡತಕ್ಕದ್ದು.

ಈ ಪ್ರಕಟಣೆಯನ್ನು ಐದು ಮನೆಯ ಒಂದು ಊರಿನ ಬಾವಿಕಟ್ಟೆಗೆ ಅಂಟಿಸಿ ಹೋದರು. ಊರಿನ ಜನ ಒಂಬತ್ತು. ಹೋದ ಬಿತ್ತನೆಯವರೆಗೆ ಹತ್ತು. ಹತ್ತನೆಯವಳು ಸಾವಕಾಶಪ್ಪನ ಹೆಂಡತಿ. ಈಗ ಅವಳು ಚಿಕ್ಕ ಸ್ಮಶಾನದಲ್ಲಿದ್ದಾಳೆ.

ಸಾವಕಾಶಪ್ಪ ಅನ್ನುವುದು ಊರು ಇಟ್ಟ ಹೆಸರು. ಅವನು ಜೋಳದ ಸಾಲಿನ ಕಳೆ ಕೀಳುತ್ತ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಕಳೆ ಬಂದಿರುತ್ತಿತ್ತು. ಪ್ರಕಟಣೆ ಓದಲು ಅರ್ಧ ದಿನ ಹಿಡಿಯಿತು. ‘ಮಟ್ಟ’ ಎಂಬಲ್ಲಿಗೆ ಬಂದಾಗ ಎದ್ದು ನಿಂತ.

"ನಮಗೆಲ್ಲಿಯ ಇತಿಹಾಸ ಭಾವ?" ಎಂದಳು ಪಕ್ಕದ ಮನೆಯಲ್ಲಿದ್ದ ಹೆಂಡತಿಯ ತಂಗಿ. "ಬಿತ್ತಿದ್ವಿ, ಕೊಯ್ದ್ವಿ, ಜಗಳ ಆಡಿದ್ವಿ. ಜಗಳ ಬರೆಸೋದಾದ್ರೆ ಹೇಳಿ, ಸಾವಿರ ಪುಟ ನಾನೊಬ್ಬಳೇ ಕೊಡ್ತೀನಿ."

"ಹಗ್ಗ ಇದೆಯಲ್ಲ."

ಹಗ್ಗ ಅವನ ಮನೆಯ ಬಾಗಿಲ ಹಿಂದೆ, ಮೊಳೆಯಲ್ಲಿತ್ತು. ಬಿತ್ತನೆ ಮುಗಿದ ದಿನ ಮನೆಯ ಹೆಂಗಸು ಅದಕ್ಕೊಂದು ಗಂಟು ಹಾಕಬೇಕು. ಬೆಳೆ ಕೈಗೆ ಹತ್ತದಿದ್ದರೆ ಅದರ ಮೇಲೆ ಮತ್ತೊಂದು ಸುತ್ತು. ಊರಲ್ಲಿ ಮಗು ಹುಟ್ಟಿದರೆ ಗಂಟಿನೊಳಗೆ ಬಟ್ಟೆಯ ಚೂರು. ಯಾರಾದರೂ ಊರು ಬಿಟ್ಟರೆ ಕೋಳಿಯ ಪುಕ್ಕ. ಈಚೆಗೆ ಪುಕ್ಕಗಳೇ ಹೆಚ್ಚು. ಹತ್ತೊಂಬತ್ತು ಗಂಟು ಅವನ ತಾಯಿಯವು, ನಲವತ್ತೆರಡು ಹೆಂಡತಿಯವು. ಕೊನೆಯದು ಸಡಿಲ. ಹಾಕುವಾಗ ಅವಳ ಕೈಯಲ್ಲಿ ಕಸುವಿರಲಿಲ್ಲ.

ಕಚೇರಿಯ ಗುಮಾಸ್ತ ಹಗ್ಗವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಪುಟ ಎಲ್ಲಿ ಯಜಮಾನರೇ?"

"ಇದೇ ಸ್ವಾಮಿ. ಇಗೋ, ಇದು ಆಲಿಕಲ್ಲು ಬಿದ್ದ ವರ್ಷ. ಇದು ಕಮ್ಮಾರನ ಮನೆಯವರು ಊರು ಬಿಟ್ಟ ವರ್ಷ."

ಇತಿಹಾಸ ಕಾಗದದ ಮೇಲೇ ಇರಬೇಕೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಆದಕಾರಣ ಹಗ್ಗವನ್ನು ತಳ್ಳಿಹಾಕುವ ಅಧಿಕಾರ ಯಾರಿಗೂ ಇರಲಿಲ್ಲ. ಸಾಹೇಬರು ಒಂದು ಹಾಳೆಯ ಮೇಲೆ ಕೈ ಅಗಲಿಸಿ, ‘ಪುಟ ಒಂದಕ್ಕೆ ಗೇಣು ಒಂದು’ ಎಂದು ಆದೇಶ ಬರೆದರು. ಯಾರ ಗೇಣು ಎಂಬ ಪ್ರಶ್ನೆ ಎದ್ದಿತು. ಸಾಹೇಬರ ಗೇಣೇ ಕಚೇರಿಯ ಗೇಣು ಎಂದು ತೀರ್ಮಾನವಾಯಿತು. ಸಾಹೇಬರು ಊಟ ಮುಗಿಸಿ, ಕೈ ತೊಳೆದು ಬಂದು ಅಳೆದರು. ಮೂವತ್ತೇಳು.

"ಹದಿಮೂರು ಪುಟ ಕಡಿಮೆ ಬಿತ್ತಲ್ಲ," ಎಂದ ಗುಮಾಸ್ತ. ಅವನು ಕೆಟ್ಟವನಲ್ಲ. ಯೋಚಿಸಿ ಹೇಳಿದ: "ಒಂದು ಕೆಲಸ ಮಾಡಿ. ಗಂಟು ಬಿಚ್ಚಿ. ಉದ್ದ ಬರುತ್ತೆ."

"ಗಂಟೇ ಅಲ್ವಾ ಸ್ವಾಮಿ ಇತಿಹಾಸ?"

"ಗಂಟಿನ ಬಗ್ಗೆ ನಿಯಮದಲ್ಲಿ ಏನೂ ಇಲ್ಲ. ಉದ್ದದ ಬಗ್ಗೆ ಇದೆ."

ಸಾವಕಾಶಪ್ಪ ಹಗ್ಗ ತೊಡೆಯ ಮೇಲಿಟ್ಟುಕೊಂಡು ಕೂತ. ಬಿಚ್ಚಿದರೆ ಅವಳ ಕೈಕೆಲಸ ಹೋಯಿತು. ಬಿಚ್ಚದಿದ್ದರೆ ಅವಳು ಮಲಗಿರುವ ಜಾಗವೇ ಹೋಯಿತು. ಅವಳಿದ್ದಿದ್ದರೆ, "ಹಗ್ಗದ ಮುಖ ನೋಡ್ತಾ ಕೂತ್ರೆ ಆಯ್ತಾ? ಬೇಗ ಮುಗಿಸಿ ಮನೆಗೆ ಬನ್ನಿ," ಅನ್ನುತ್ತಿದ್ದಳು.

ಗಂಟು ಬಿಚ್ಚುವ ಹುದ್ದೆ ಮಂಜೂರಾಗದ ಕಾರಣ ಅರ್ಜಿದಾರನೇ ಬಿಚ್ಚಬೇಕಾಯಿತು. ಎರಡು ದಿನ ಹಿಡಿಯಿತು. ಒಂದೊಂದು ಗಂಟಿಗೂ ಅದರ ವರ್ಷದ ಸಂಗತಿ ಬಾಯಿಗೆ ಬರುತ್ತಿತ್ತು. ಬಾವಿ ಬತ್ತಿದ್ದು. ಒಂದೇ ವಾರ ಮೂರು ಮಕ್ಕಳು ಹುಟ್ಟಿದ್ದು. ಮದುವೆಯಾದ ವರ್ಷ ಅವಳು ಹಾಕಿದ ಗಂಟನ್ನು ಅತ್ತೆ ಬಿಚ್ಚಿ, ಸರಿಯಾಗಿ ಹಾಕು ಎಂದದ್ದು.

"ಸುಮ್ಮನೆ ಬಿಚ್ಚಿ ಯಜಮಾನರೇ," ಎಂದ ಗುಮಾಸ್ತ. "ಇಲ್ಲಿ ಊರುಗಳ ಇತಿಹಾಸದ ಕೆಲಸ ನಡೀತಿದೆ. ತೊಂದರೆ ಆಗುತ್ತೆ."

ಬಟ್ಟೆಯ ಚೂರು, ಪುಕ್ಕಗಳನ್ನು ಇತಿಹಾಸಕ್ಕೆ ಸಂಬಂಧಪಡದ ವಸ್ತುಗಳೆಂದು ಗುಡಿಸಲಾಯಿತು.

ಅರವತ್ತು ಬಿಚ್ಚಿದ. ಕೊನೆಯದಕ್ಕೆ ಕೈ ಹೋಗಲಿಲ್ಲ.

"ಈಗ ಅಳೀರಿ ಸ್ವಾಮಿ."

"ಇನ್ನೊಂದಿದೆಯಲ್ಲ?"

"ಇರ್ಲಿ. ಅಳೀರಿ."

ಸಾಹೇಬರು ಹಳೆಯ ತುದಿಯಿಂದ ಅಳೆದರು. ಐವತ್ತು ಆದ ಮೇಲೂ ಒಂದು ಗೇಣು, ಆ ಗಂಟಿನ ಸಮೇತ, ಮೇಜಿನಿಂದ ನೇತಾಡುತ್ತಿತ್ತು. ಕಚೇರಿಗೆ ಗಾಬರಿಯಾಯಿತು. ಐವತ್ತು ಮೀರಿದ ಇತಿಹಾಸಕ್ಕೆ ಮೇಲಿನ ಕಚೇರಿಯ ಒಪ್ಪಿಗೆ ಬೇಕು. ಬರಲು ಎರಡು ವರ್ಷ.

"ಹೆಚ್ಚಾದದ್ದನ್ನ ಕತ್ತರಿಸಿ ವಾಪಸ್ ಕೊಡ್ತೀವಿ," ಎಂದ ಗುಮಾಸ್ತ ಮೆಲ್ಲಗೆ. "ಬೇಜಾರಿಲ್ಲ ತಾನೇ?"

"ಇಲ್ಲ ಸ್ವಾಮಿ."

ಸಾವಕಾಶಪ್ಪ ಜೀವಮಾನದಲ್ಲಿ ಇಷ್ಟು ಬೇಗ ಉತ್ತರ ಕೊಟ್ಟಿರಲಿಲ್ಲ. ರಸೀದಿಯೂ ಸಿಕ್ಕಿತು: ‘ಹೆಚ್ಚುವರಿ ಇತಿಹಾಸ, ಗೇಣು ಒಂದು, ಗಂಟು ಸಹಿತ. ಕಚೇರಿಗೆ ಅಗತ್ಯವಿಲ್ಲ.’

ಊರು ಉಳಿಯಿತು. ಸ್ಮಶಾನವೂ. ಬೋಳು ಹಗ್ಗ ‘ಸಂಪೂರ್ಣ ಇತಿಹಾಸ’ ಎಂಬ ಚೀಟಿ ಹೊತ್ತು ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿದೆ. ಸುತ್ತಲಿನ ಸಣ್ಣ ಊರುಗಳವರು ಬಂದು ನೋಡಿ, ಹೊಗಳಿ, ಹಾಗೇ ಪೇಟೆಗೆ ಹೋಗುತ್ತಾರೆ. ಹಗ್ಗದಂಗಡಿಯವನು ಈಗ ಮೊದಲು ಕೇಳುವುದೇ, "ಬಾವಿಗೋ, ಇತಿಹಾಸಕ್ಕೋ? ಇತಿಹಾಸಕ್ಕಾದ್ರೆ ತೆಳ್ಳಂದು ಸಾಕು."

ಮುಂದಿನ ಬಿತ್ತನೆ ಮುಗಿದ ದಿನ ಹೆಂಡತಿಯ ತಂಗಿ ಬಂದು ಬಾಗಿಲ ಹಿಂದೆ ನೋಡಿದಳು. ಮೊಳೆಯಲ್ಲಿ ಗೇಣುದ್ದದ ತುಂಡಿತ್ತು.

"ಈ ವರ್ಷದ ಗಂಟು ಯಾರು ಹಾಕೋದು ಭಾವ?"

"ನೀನೇ ಹಾಕು. ಅವಳದ್ದನ್ನ ಎಳೀಬೇಡ. ಸಡಿಲ ಇದೆ."

ಅವಳು ಮೆಲ್ಲಗೆ ಹಾಕಿದಳು. ಉಳಿದ ಹಗ್ಗವನ್ನು ಬೆರಳಲ್ಲಿ ಅಳೆದಳು.

"ಇನ್ನು ನಾಲ್ಕು ಬೆರಳು ಇದೆ."

ಸಾವಕಾಶಪ್ಪ ಐದು ಮನೆಗಳ ಕಡೆ ನೋಡಿದ. ಲೆಕ್ಕ ಹಾಕಲು ಸ್ವಲ್ಪ ಹೊತ್ತು ಹಿಡಿಯಿತು.

"ಸಾಕಾಗುತ್ತೆ ಬಿಡು," ಎಂದ.